ಯಾವ ವುಡ್‌ಲ್ಯಾಂಡ್ಸ್?

1960ರ ದಶಕದಲ್ಲಿ ಮದರಾಸಿನ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದ ಕನ್ನಡಿಗ ಟ್ಯಾಕ್ಸಿಯವನಿಗೆ ‘ವುಡ್‌ಲ್ಯಾಂಡ್ಸ್’ ಎಂದಷ್ಟೇ ಹೇಳಿದರೆ ಸಾಕಾಗುತ್ತಿರಲಿಲ್ಲ. ಯಾವ ವುಡ್‌ಲ್ಯಾಂಡ್ಸ್ ಎಂದೂ ಹೇಳಬೇಕಿತ್ತು. ರಾಯಪೇಟೆಯ ವೆಸ್ಟ್‌ಕಾಟ್ ರಸ್ತೆಯಲ್ಲಿ ಹಳೆಯದೊಂದು, ಎಡ್ವರ್ಡ್ ಎಲಿಯಟ್ಸ್ ರಸ್ತೆಯಲ್ಲಿ ‘ನ್ಯೂ’ ಎಂದು ಕರೆಸಿಕೊಂಡದ್ದೊಂದು, ಕ್ಯಾಥೆಡ್ರಲ್ ರಸ್ತೆಯಲ್ಲಿ ಕಾರಿನಿಂದ ಇಳಿಯದೆ ದೋಸೆ ತಿನ್ನಬಹುದಾದ ‘ಡ್ರೈವ್-ಇನ್’ ಮತ್ತೊಂದು. ಮೂರರ ಹಿಂದೆಯೂ ಇದ್ದವರು ಒಬ್ಬರೇ, ದಕ್ಷಿಣ ಕನ್ನಡದ ಕಡಂದಲೆ ಎಂಬ ಹಳ್ಳಿಯಿಂದ ಬಂದ ಕೆ. ಕೃಷ್ಣ ರಾವ್.

ನಾನು ಈಗ ಇರುವುದು ನಾಸಿಕ್ ಜಿಲ್ಲೆಯ ದಿಂಡೋರಿಯಲ್ಲಿ. ಸುತ್ತ ದ್ರಾಕ್ಷಿ ತೋಟ, ಉತ್ತರಕ್ಕೆ ವಣಿ ಮತ್ತು ಸಪ್ತಶೃಂಗಿಯ ಗುಡ್ಡ, ದಕ್ಷಿಣಕ್ಕೆ ನಾಸಿಕ್. ಸಮುದ್ರಕ್ಕೂ ಇಲ್ಲಿಗೂ ಸಂಬಂಧವಿಲ್ಲ. ಆದರೆ ಪ್ರಾಜೆಕ್ಟಿನ ಕೆಲಸದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಮುಂಬಯಿಗೋ ಚೆನ್ನೈಗೋ ಹೋಗಬೇಕಾಗುತ್ತದೆ. ಕಂಪೆನಿಯ ಬುಕಿಂಗ್ ಆ್ಯಪ್ ತೆರೆದರೆ ಒಂದೇ ಹೆಸರಿನ ನಾಲ್ಕು ಹೋಟೆಲುಗಳು ಸಾಲಾಗಿ ಬರುತ್ತವೆ. ನಾಲ್ಕರಲ್ಲೂ ಅದೇ ಬಿಳಿ ಹಾಸಿಗೆ, ಅದೇ ಕಂದು ಮೇಜು, ಕಿಟಕಿಯಾಚೆ ಅದೇ ಮಸುಕು ಆಕಾಶ. ಮೀಟಿಂಗಿನ ಜಾಗಕ್ಕೆ ಎಷ್ಟು ದೂರ, ಎಷ್ಟು ಬಾಡಿಗೆ, ಬೆಳಗಿನ ತಿಂಡಿ ಸೇರಿದೆಯೋ ಇಲ್ಲವೋ, ಇಷ್ಟು ನೋಡಿ ಒತ್ತಿದರೆ ಮುಗಿಯಿತು. ಅದು ಆಯ್ಕೆಯಲ್ಲ, ಕೂಡು-ಕಳೆ ಲೆಕ್ಕ.

ಹಾಗೆ ಲೆಕ್ಕವಾಗುವುದೇ ಒಂದು ಚಾರಿತ್ರಿಕ ಬೆಳವಣಿಗೆ ಎಂದು ನನಗೆ ಅನಿಸಿದ್ದು ನಮ್ಮವರ ಹೋಟೆಲುಗಳ ಕಥೆ ಓದುತ್ತಾ ಹೋದಾಗ. ಅಮೆರಿಕದ ಮೆಂಫಿಸ್ ನಗರದಲ್ಲಿ ಕೆಮನ್ಸ್ ವಿಲ್ಸನ್ 1952ರಲ್ಲಿ ಮೊದಲ ಹಾಲಿಡೇ ಇನ್ ತೆರೆದ. ರಸ್ತೆ ಪ್ರವಾಸದಲ್ಲಿ ಒಂದೊಂದು ಊರಲ್ಲಿ ಒಂದೊಂದು ತರಹದ ಕೋಣೆ, ಮಕ್ಕಳಿಗೆ ಬೇರೆ ಬೇರೆ ದರ ಎಂಬುದರಿಂದ ಬೇಸತ್ತಿದ್ದ ಅವನು ಎಲ್ಲಿ ಹೋದರೂ ಒಂದೇ ತರಹ ಇರಬೇಕೆಂದು ಹೊರಟ. ಆಗ ಅದು ಹೊಸ ಸರಕು. ಅದಕ್ಕೂ ಮುಂಚೆ, ಅದೂ ನಮ್ಮ ಕಡೆ, ಒಂದೇ ಯಜಮಾನರ ಎರಡು ಹೋಟೆಲುಗಳಿಗೆ ಒಂದೇ ತರಹ ಇರಬೇಕೆಂಬ ಕಟ್ಟುಪಾಡಿರಲಿಲ್ಲ. ಒಂದೊಂದಕ್ಕೂ ಒಂದೊಂದು ಕೆಲಸವಿತ್ತು. ಹಾಗಾಗಿ ಯಾವುದಕ್ಕೆ ಹೋಗಬೇಕೆಂಬ ಪ್ರಶ್ನೆಗೆ ಉತ್ತರಿಸಬೇಕಾದರೆ ನೀವು ಯಾರು, ಯಾತಕ್ಕೆ ಬಂದಿರಿ, ಕಿಸೆಯಲ್ಲಿ ಎಷ್ಟಿದೆ ಎಂಬುದೆಲ್ಲ ಗೊತ್ತಿರಬೇಕಿತ್ತು. ಒಂದು ಕಾಲದಲ್ಲಿ ನಿಮ್ಮ ಜಾತಿ ಯಾವುದು ಎಂಬುದೂ. ಅದಕ್ಕೆ ಆಮೇಲೆ ಬರುತ್ತೇನೆ.

ಉಡುಪಿಯವರು ಮದರಾಸಿಗೆ ಯಾಕೆ ಹೋದರು, ಕುಮಟೆ-ಕಾರವಾರದ ಕಡೆಯವರು ಮುಂಬಯಿಗೆ ಯಾಕೆ ಹೋದರು? ಇದಕ್ಕೆ ಇಂಗ್ಲಿಷರ ನಕ್ಷೆಯೇ ಮುಕ್ಕಾಲು ಉತ್ತರ. ಒಂದೇ ಆಗಿದ್ದ ಕೆನರಾ ಜಿಲ್ಲೆಯನ್ನು ಎರಡು ಮಾಡಿ, 1862ರಲ್ಲಿ ಉತ್ತರ ಭಾಗವನ್ನು ಬಾಂಬೆ ಪ್ರೆಸಿಡೆನ್ಸಿಗೆ ಕೊಟ್ಟರು. ದಕ್ಷಿಣ ಕನ್ನಡ ಮದರಾಸಿನ ಕೈಯಲ್ಲೇ ಉಳಿಯಿತು, 1956ರ ನವೆಂಬರ್ 1ರವರೆಗೂ. ಉಡುಪಿಯ ಹುಡುಗನಿಗೆ ಹೈಕೋರ್ಟು, ವಿಶ್ವವಿದ್ಯಾಲಯ, ಸರ್ಕಾರ ಎಲ್ಲ ಇದ್ದದ್ದು ಮದರಾಸಿನಲ್ಲಿ. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಆ ದಾರಿ ಇನ್ನೂ ಸಲೀಸಾಯಿತು. ಮುಂಬಯಿಗೆ ಹೋಗುವವರು ಹಡಗು ಹತ್ತಬೇಕಿತ್ತು, ಇಲ್ಲವೇ ಘಟ್ಟ ಹತ್ತಿ ಪುಣೆಯ ಮೇಲೆ ಸುತ್ತಿಕೊಂಡು ಬರಬೇಕಿತ್ತು. ಕರಾವಳಿಯುದ್ದಕ್ಕೂ ನೇರ ರೈಲು ಎಂದರೆ ಕೊಂಕಣ ರೈಲ್ವೆ ಪೂರ್ತಿಯಾದ 1998ರ ಮಾತು. ಆದರೂ ಜನ ಮುಂಬಯಿಗೆ ಹೋದರು, ಸಾವಿರಗಟ್ಟಲೆ. ಹಸಿವಿಗೆ ಪ್ರೆಸಿಡೆನ್ಸಿಯ ಗಡಿ ಗೊತ್ತಾಗುವುದಿಲ್ಲ.

ಕೃಷ್ಣ ರಾವ್ ಮದರಾಸಿಗೆ ಬಂದದ್ದು 1920ರ ದಶಕದಲ್ಲಿ. ಬಡ ಮನೆಯ ಹುಡುಗ, ಉಡುಪಿಯ ಕಡೆ ಅಡುಗೆಮನೆಗಳಲ್ಲಿ ದುಡಿದು ಕೈ ಪಳಗಿಸಿಕೊಂಡಿದ್ದವರು. ಜಾರ್ಜ್ ಟೌನಿನಲ್ಲಿ ಇನ್ನೊಬ್ಬರ ಹೋಟೆಲಿನಲ್ಲಿ ಕೆಲಸಕ್ಕಿದ್ದು, ಆ ಯಜಮಾನರೇ ಆಚಾರಪ್ಪನ್ ಬೀದಿಯ ಒಂದು ಸಣ್ಣ ಹೋಟೆಲನ್ನು ಇವರಿಗೆ ಬಿಟ್ಟುಕೊಟ್ಟಾಗ ಸ್ವಂತಕ್ಕೆ ನಿಂತರು. ಈ ವಿವರವನ್ನು ಸ್ವಲ್ಪ ನಿಂತು ನೋಡಬೇಕು. ಇದು ಅವರೊಬ್ಬರ ಅದೃಷ್ಟದ ಕಥೆಯಲ್ಲ, ಉಡುಪಿ ಹೋಟೆಲು ಎಂಬ ಇಡೀ ವ್ಯವಹಾರ ಹರಡಿದ ಬಗೆಯೇ ಇದು. ಊರಿನಿಂದ ಬಂದ ಹುಡುಗ ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್ ಅಥವಾ ಒಳಗೆ ಭಟ್ಟರ ಕೈಕೆಳಗೆ. ನಂಬಿಕೆ ಬಂದ ಮೇಲೆ ಗಲ್ಲಾ. ಗಲ್ಲಾದಲ್ಲಿ ಹತ್ತು ವರ್ಷ ಕೂತವನಿಗೆ ಯಜಮಾನರು ಒಂದು ಬ್ರಾಂಚು ನೋಡಿಕೋ ಎನ್ನುತ್ತಿದ್ದರು, ಇಲ್ಲವೇ ಪಾಲಿಗೆ ಸೇರಿಸಿಕೊಳ್ಳುತ್ತಿದ್ದರು. ಅವನು ತನ್ನ ಭಾವನನ್ನೋ ದಾಯಾದಿಯ ಮಗನನ್ನೋ ಕ್ಲೀನರ್ ಕೆಲಸಕ್ಕೆ ಕರೆಸಿಕೊಳ್ಳುತ್ತಿದ್ದ. ಬಂಡವಾಳಕ್ಕೆ ಬ್ಯಾಂಕು ಇರಲಿಲ್ಲ, ತರಬೇತಿಗೆ ಕಾಲೇಜು ಇರಲಿಲ್ಲ. ಎರಡಕ್ಕೂ ಅಡುಗೆಮನೆಯೇ ಇತ್ತು.

ಮುಂದೆ ಮೌಂಟ್ ರೋಡಿನಲ್ಲಿ ಅವರ ‘ಉಡುಪಿ ಶ್ರೀ ಕೃಷ್ಣ ವಿಲಾಸ’ ಬಂತು. ಊರು, ದೇವರು, ವಿಲಾಸ, ಮೂರೂ ಇರುವ ಹೆಸರು. ಆ ಕಾಲದ ಹೋಟೆಲುಗಳ ಹೆಸರೆಲ್ಲ ಹೀಗೆಯೇ. ಆದರೆ 1930ರ ದಶಕದ ಕೊನೆಯಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜಮನೆತನಕ್ಕೆ ಸೇರಿದ್ದ ಒಂದು ಬಂಗಲೆಯನ್ನು ಗೇಣಿಗೆ ಹಿಡಿದು ತಂಗುವ ಹೋಟೆಲು ಮಾಡಿದಾಗ ಅವರು ಹೊಸ ಹೆಸರಿಡಲಿಲ್ಲ. ಮರಗಳ ನಡುವಿನ ಆ ಬಂಗಲೆಗೆ ಮೊದಲೇ ಇದ್ದ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡರು: ವುಡ್‌ಲ್ಯಾಂಡ್ಸ್. ಬೋರ್ಡು ಬದಲಿಸುವ ಖರ್ಚು ಉಳಿಯಿತು ಎಂದು ತಮಾಷೆ ಮಾಡಬಹುದು. ನನಗೆ ಇದು ಅವರ ಅತ್ಯಂತ ಜಾಣ ನಿರ್ಧಾರವಾಗಿ ಕಾಣುತ್ತದೆ. ಊರೂ ಇಲ್ಲದ, ದೇವರೂ ಇಲ್ಲದ, ಜಾತಿಯ ವಾಸನೆಯೂ ಇಲ್ಲದ ಆ ಹೆಸರು ಎಲ್ಲಿಗೆ ಬೇಕಾದರೂ ಹೋಗಬಲ್ಲದಾಗಿತ್ತು. ಹೋಗಿಯೂ ಹೋಯಿತು. ಬೆಂಗಳೂರು, ಮಂಗಳೂರು, ಉಡುಪಿ, ಹೀಗೆ ವುಡ್‌ಲ್ಯಾಂಡ್ಸ್ ಎಂಬ ಬೋರ್ಡು ನೀವು ಎಷ್ಟು ಕಡೆ ನೋಡಿಲ್ಲ?

ಅಲ್ಲಿಯವರೆಗೆ ಮದರಾಸಿನಲ್ಲಿ ಸಸ್ಯಾಹಾರಿ ಗೃಹಸ್ಥನೊಬ್ಬ ಹೆಂಡತಿ ಮಕ್ಕಳ ಜೊತೆ ನಾಲ್ಕು ದಿನ ಉಳಿಯಬೇಕೆಂದರೆ ಛತ್ರವಿತ್ತು, ನೆಂಟರ ಮನೆಯಿತ್ತು. ಸಾಹೇಬರ ಹೋಟೆಲುಗಳಿದ್ದವು, ಅಲ್ಲಿನ ಅಡುಗೆಮನೆ ಇವನಿಗೆ ಒಗ್ಗುತ್ತಿರಲಿಲ್ಲ, ದರ ಅದಕ್ಕಿಂತಲೂ ಒಗ್ಗುತ್ತಿರಲಿಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಕೆಳಗೆ ಇಳಿದರೆ ಇಡ್ಲಿ-ಸಾಂಬಾರು ಎಂಬ ಜೋಡಣೆಯೇ ಹೊಸತು. ಮುಂಬಯಿಯ ತಾಜ್ 1903ರ ಡಿಸೆಂಬರಿನಲ್ಲಿ ತೆರೆದಿತ್ತು ನಿಜ. ಆದರೆ ತಾಜ್ ಎಂಬುದು ಮುಂಬಯಿ ದಾಟಿ ಸರಪಳಿಯಾಗಿ ಬೆಳೆದದ್ದು 1970ರ ದಶಕದ ಆರಂಭದಲ್ಲಿ, ಉದಯಪುರ, ಜೈಪುರಗಳ ಅರಮನೆಗಳನ್ನು ಹಿಡಿದ ಮೇಲೆ. ಕಡಂದಲೆಯ ಈ ಮನುಷ್ಯ ಅಷ್ಟರಲ್ಲಿ ಒಂದೇ ನಗರದೊಳಗೆ ಮೂರು ಬಗೆಯ ಜನಕ್ಕೆ ಮೂರು ಬಗೆಯ ವುಡ್‌ಲ್ಯಾಂಡ್ಸ್ ಮಾಡಿಟ್ಟಿದ್ದರು.

ಎಡ್ವರ್ಡ್ ಎಲಿಯಟ್ಸ್ ರಸ್ತೆಗೆ ಈಗ ಡಾ. ರಾಧಾಕೃಷ್ಣನ್ ಸಾಲೈ ಎಂದು ಹೆಸರು. ಅಲ್ಲಿನ ನ್ಯೂ ವುಡ್‌ಲ್ಯಾಂಡ್ಸ್ ಮೈಲಾಪುರಕ್ಕೆ ಹತ್ತಿರ, ಸಂಗೀತ ಸಭೆಗಳಿಗೆ ಹತ್ತಿರ. ವಿಶಾಲ ಅಂಗಳ, ಮದುವೆ ಹಾಲುಗಳು. ಹಳೆಯ ವುಡ್‌ಲ್ಯಾಂಡ್ಸಿಗೆ ಕೋರ್ಟು ಕಚೇರಿಯ ಕೆಲಸ, ಆಸ್ಪತ್ರೆ, ವ್ಯಾಪಾರ ಎಂದು ಬಂದವರು ಹೋದರೆ, ಮಗಳ ಮದುವೆ ಮದರಾಸಿನಲ್ಲಿ ಎಂದವರು ಹೊಸದಕ್ಕೆ. ಮಾರ್ಗಳಿಯ ಸಂಗೀತ ಕೇಳಲು ಡಿಸೆಂಬರಿನಲ್ಲಿ ಬರುವವರಿಗೂ ಹೊಸದೇ ಅನುಕೂಲ. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಏಳುವಂತಿರಲಿಲ್ಲ. ಛತ್ರಿ ಮೇಲೋ ಚಪ್ಪಲಿ ಮೇಲೋ ಎಂದು ಕೇಳಿದ ಹಾಗಾಗುತ್ತಿತ್ತು.

1962ರಲ್ಲಿ ಬಂದ ಡ್ರೈವ್-ಇನ್ ಇವೆರಡಕ್ಕಿಂತ ವಿಚಿತ್ರ ಕೂಸು. ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ಕೈಯಲ್ಲಿದ್ದ ಮರಗಿಡಗಳ ಜಾಗದಲ್ಲಿ, ಕೋಣೆಯೇ ಇಲ್ಲದ ವುಡ್‌ಲ್ಯಾಂಡ್ಸ್. ಕಾರು ನಿಲ್ಲಿಸಿದರೆ ಹುಡುಗ ಬಂದು ಬಾಗಿಲಿಗೆ ಟ್ರೇ ಸಿಕ್ಕಿಸುತ್ತಿದ್ದ. ಅಮೆರಿಕದಲ್ಲಿ ಡ್ರೈವ್-ಇನ್ ಹೋಟೆಲುಗಳು 1920ರ ದಶಕದಿಂದಲೇ ಇದ್ದವು, ಆದರೆ ಅಲ್ಲಿ ಕಾರು ಎಲ್ಲರ ಬಳಿ ಇತ್ತು. 1962ರ ಮದರಾಸಿನಲ್ಲಿ ಕಾರಿದ್ದವರೆಷ್ಟು ಜನ? ಇಲ್ಲಿಯೇ ಕಥೆಗೆ ತಿರುವು. ಕಾರಿನವರಿಗೆಂದು ತೆರೆದ ಜಾಗದಲ್ಲಿ ಕಾರಿಲ್ಲದವರು ತುಂಬಿಕೊಂಡರು. ಒಳಗೊಂದು ದೊಡ್ಡ ಹಾಲು ಇತ್ತು, ಹೊರಗೆ ಮರದ ನೆರಳು. ಹತ್ತಿರದಲ್ಲೇ ಸ್ಟೆಲ್ಲಾ ಮಾರಿಸ್ ಕಾಲೇಜು, ಸ್ವಲ್ಪ ದೂರಕ್ಕೆ ಮ್ಯೂಸಿಕ್ ಅಕಾಡೆಮಿ. ವಿದ್ಯಾರ್ಥಿಗಳು, ಪತ್ರಕರ್ತರು, ಔಷಧಿ ಕಂಪೆನಿಯ ರೆಪ್ರೆಸೆಂಟೇಟಿವ್‌ಗಳು, ಕೆಲಸ ಹುಡುಕುವವರು, ಕೆಲಸವಿದ್ದೂ ಮಾಡದವರು ಒಂದು ಕಾಫಿ ಹೇಳಿ ಗಂಟೆಗಟ್ಟಲೆ ಕೂರುತ್ತಿದ್ದರು. ಯಾರೂ ಎಬ್ಬಿಸುತ್ತಿರಲಿಲ್ಲ. ನಾವು ಈಗ ಕೋ-ವರ್ಕಿಂಗ್ ಎಂದು ತಿಂಗಳಿಗಿಷ್ಟು ಎಂದು ದುಡ್ಡು ಕೊಟ್ಟು ಕೂರುತ್ತೇವಲ್ಲ, ಅದಕ್ಕೆ ಆಗ ಒಂದು ಕಾಫಿಯ ಬೆಲೆ.

ಇನ್ನು ಬಾಗಿಲಿನ ವಿಷಯ.

ಇಂಥ ಬರಹಗಳಲ್ಲಿ ನಾವು ಸಾಮಾನ್ಯವಾಗಿ ಘಮಘಮ ಸಾಂಬಾರಿನಲ್ಲೇ ಮುಳುಗಿ ಇದನ್ನು ಮರೆತುಬಿಡುತ್ತೇವೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದಕ್ಷಿಣದ ಬಹಳಷ್ಟು ಕಾಫಿ ಹೋಟೆಲುಗಳು ‘ಬ್ರಾಹ್ಮಣರ ಹೋಟೆಲು’ ಎಂದೇ ಬೋರ್ಡು ಹಾಕಿಕೊಂಡಿದ್ದವು. ಬೆಂಗಳೂರಿನ ಎಂಟಿಆರ್ ಕೂಡ 1924ರಲ್ಲಿ ಶುರುವಾದದ್ದು ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂಬ ಹೆಸರಿನಲ್ಲಿ. ಅಡುಗೆಯವರು ಬ್ರಾಹ್ಮಣರು ಎಂಬುದು ಆ ಬೋರ್ಡಿನ ಒಂದು ಅರ್ಥ. ಇನ್ನೊಂದು ಅರ್ಥ ಒಳಗೆ ಕೂರುವ ಜಾಗಕ್ಕೆ ಸಂಬಂಧಿಸಿದ್ದು. ಮದರಾಸಿನ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಸಾಲು, ಬ್ರಾಹ್ಮಣೇತರರಿಗೆ ಬೇರೆ ಸಾಲು. ದಲಿತರಿಗೆ ಯಾವ ಸಾಲೂ ಇಲ್ಲ. ದುಡ್ಡಿದ್ದರೂ ಹೋಟೆಲು ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲದ ಜನ ಅದೇ ಊರಿನಲ್ಲಿ ಅದೇ ಬೀದಿಯಲ್ಲಿ ನಡೆದಾಡುತ್ತಿದ್ದರು.

ನಾಸಿಕ್‌ನಲ್ಲಿ ಬದುಕುವವರಿಗೆ ಇದು ದೂರದ ಸಂಗತಿಯಲ್ಲ. 1930ರ ಮಾರ್ಚ್ 2ರಂದು ಇಲ್ಲಿನ ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ ಅಂಬೇಡ್ಕರರ ನೇತೃತ್ವದಲ್ಲಿ ಸತ್ಯಾಗ್ರಹ ಶುರುವಾಯಿತು. ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆಯ ಯೇವಲೆಯಲ್ಲಿ ಅವರು, ಹಿಂದುವಾಗಿ ಹುಟ್ಟಿದ್ದೇನೆ, ಹಿಂದುವಾಗಿ ಸಾಯುವುದಿಲ್ಲ ಎಂಬರ್ಥದ ಘೋಷಣೆ ಮಾಡಿದರು. ರಾಯಪೇಟೆಯ ಬಂಗಲೆ ಹೋಟೆಲಾದದ್ದು ಅದಾದ ಮೂರು ನಾಲ್ಕು ವರ್ಷಕ್ಕೆ. ಅವರೇ ಮುಂದೆ ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದ 15ನೆಯ ವಿಧಿಯ ಎರಡನೆಯ ಭಾಗವನ್ನು ಬಿಡುವಿದ್ದಾಗ ತೆಗೆದು ಓದಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾವ ನಾಗರಿಕನನ್ನೂ ತಡೆಯಬಾರದ ಜಾಗಗಳ ಪಟ್ಟಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಎಂದು ಹೆಸರಿಸಿಯೇ ಬರೆದಿದೆ. ಒಂದು ದೇಶದ ಸಂವಿಧಾನ ಹೋಟೆಲಿನ ಬಾಗಿಲನ್ನು ಹೆಸರಿಟ್ಟು ನೆನೆಯಬೇಕಾಗಿ ಬಂತು ಎಂದರೆ ಆ ಬಾಗಿಲಲ್ಲಿ ಏನೇನು ನಡೆದಿರಬೇಕು! 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ಸೇರಿಸಿತು.

ಬೋರ್ಡು ಮಾತ್ರ ಕಾನೂನಿನಿಂದ ಕೂಡಲೇ ಇಳಿಯಲಿಲ್ಲ. 1957ರಲ್ಲಿ ಮದರಾಸಿನ ತಿರುವಲ್ಲಿಕೇಣಿಯಲ್ಲಿದ್ದ ಮುರಳಿ ಕೆಫೆಯ ಬೋರ್ಡಿನಿಂದ ‘ಬ್ರಾಹ್ಮಣಾಳ್’ ಎಂಬ ಪದ ತೆಗೆಯಬೇಕೆಂದು ಪೆರಿಯಾರರ ದ್ರಾವಿಡ ಕಳಗಂ ದಿನನಿತ್ಯ ಪಿಕೆಟಿಂಗ್ ಮಾಡಿತು. ಬಂಧನಗಳಾದವು, ತಿಂಗಳುಗಟ್ಟಲೆ ಎಳೆಯಿತು, ಕೊನೆಗೆ ಪದ ಹೋಯಿತು. ಒಂದು ಪದಕ್ಕಾಗಿ ಇಷ್ಟು ಗಲಾಟೆಯೇ ಎಂದು ಈಗಿನವರಿಗೆ ಅನಿಸಬಹುದು. ಬೋರ್ಡು ನೋಡಿಯೇ ಯಾವ ಹೋಟೆಲು ನನ್ನದು, ಯಾವುದು ನನ್ನದಲ್ಲ ಎಂದು ತಿಳಿದುಕೊಳ್ಳಬೇಕಾಗಿದ್ದವನಿಗೆ ಹಾಗೆ ಅನಿಸಿರಲಾರದು. ವುಡ್‌ಲ್ಯಾಂಡ್ಸ್ ಎಂಬ ಜಾತಿಯಿಲ್ಲದ ಹೆಸರಿನ ಬೆಲೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು ಎನ್ನುವುದು ನನ್ನ ವಾದ. ಅದು ಎಲ್ಲವನ್ನೂ ಬದಲಿಸಿತೆಂದಲ್ಲ. ಬೋರ್ಡಿನಲ್ಲೇ ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ, ಅಷ್ಟೇ.

ಮುಂಬಯಿಯ ಕಥೆ ಬೇರೆ ದಾರಿಯದು. 1896ರ ಪ್ಲೇಗಿನ ನಂತರ ಊರನ್ನು ಹಿಗ್ಗಿಸಲು ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್-ಮಾಟುಂಗಾದಲ್ಲಿ ಬಡಾವಣೆ ಮಾಡಿತು. ರೈಲು ಹತ್ತಿರ, ಬಾಡಿಗೆ ಸುಮಾರು. ಇಂಗ್ಲಿಷ್ ಬಲ್ಲ, ಟೈಪ್ ಬಲ್ಲ ದಕ್ಷಿಣದವರು ಗುಮಾಸ್ತರಾಗಿ ಬಂದು ಅಲ್ಲಿ ನೆಲೆಯಾದರು. ಅವರಲ್ಲಿ ಬಹುಪಾಲು ಒಂಟಿ ಗಂಡಸರು. ಅವರಿಗೆ ಬೇಕಿದ್ದದ್ದು ವುಡ್‌ಲ್ಯಾಂಡ್ಸಿನಂಥ ಕೋಣೆಯಲ್ಲ, ಎರಡು ಹೊತ್ತು ಊಟ. ಉಡುಪಿ ಕಡೆಯಿಂದ ಬಂದು ಹೋಟೆಲುಗಳಲ್ಲಿ ಕೆಳಗಿನಿಂದ ದುಡಿದು ಮೇಲೆ ಬಂದ ಎ. ರಾಮ ನಾಯಕ್ 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಎದುರಿಗೆ ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’ ತೆರೆದರು. ಬೋರ್ಡಿಂಗ್ ಎಂದರೆ ಊಟದ ಮನೆ, ಬಾಳೆ ಎಲೆಯ ಊಟ. ತಿಂಡಿ ಬೇಕೆಂದರೆ ಅವರದೇ ಕೆಫೆ ಮೈಸೂರು ಅದಕ್ಕೂ ಮುಂಚಿನಿಂದ, 1936ರಿಂದ, ಅದೇ ಮಾಟುಂಗಾದಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಅದೇ ಕುಟುಂಬದವರ ಇಡ್ಲಿ ಹೌಸ್ ಬಂದಿದೆ. ಇಲ್ಲೂ ಅದೇ ತರ್ಕ ನೋಡಿ: ಒಂದೇ ಮನೆತನದ ಹೋಟೆಲುಗಳು ಒಂದರ ಗಿರಾಕಿಯನ್ನು ಇನ್ನೊಂದು ಕಸಿಯುವುದಿಲ್ಲ. ಹಸಿವು ಎಷ್ಟಿದೆ ಎಂಬುದೇ ನಿಮ್ಮನ್ನು ಸರಿಯಾದ ಬಾಗಿಲಿಗೆ ಕಳಿಸುತ್ತದೆ. ಶೆಟ್ಟರ ರಾಮ ಆಶ್ರಯ (1939), ಕಾಮತರ ಕೆಫೆ ಮದ್ರಾಸ್ (1940) ಕೂಡ ಕಾಲ್ನಡಿಗೆಯ ದೂರದಲ್ಲೇ ಇವೆ. ಕನ್ನಡದ ಕರಾವಳಿಯವರು ಮುಂಬಯಿಯಲ್ಲಿ ನಡೆಸುವ ಹೋಟೆಲಿಗೆ ಒಂದು ಕಡೆ ಮೈಸೂರು, ಇನ್ನೊಂದು ಕಡೆ ಮದ್ರಾಸ್ ಎಂದು ಹೆಸರು! ಗಿರಾಕಿಗೆ ತಿಳಿಯುವ ಹೆಸರು ಯಾವುದೋ ಅದು.

ನಮ್ಮ ಸಣ್ಣಜ್ಜ, ಅಂದರೆ ಅಜ್ಜನ ತಮ್ಮ, ಕುಂದಾಪುರದ ಕಡೆಯಿಂದ ಹೋಗಿ ಮಾಟುಂಗಾದ ಹೋಟೆಲೊಂದರಲ್ಲಿ ಕ್ಲೀನರ್ ಆಗಿ ಶುರುಮಾಡಿದವರು. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ. ಮುಂಬಯಿಯಲ್ಲಿ ಹೋಟೆಲ್ ಹುಡುಗರಿಗೆಂದೇ ರಾತ್ರಿ ಶಾಲೆಗಳಿದ್ದವು, ನಮ್ಮ ಜಿಲ್ಲೆಯ ಎಷ್ಟೋ ವಕೀಲರು, ಲೆಕ್ಕಿಗರು, ಲೇಖಕರು ಆ ಬೆಂಚುಗಳಿಂದ ಬಂದವರು. ಒಬ್ಬರೇ ಯಜಮಾನರ ಎರಡು ಹೋಟೆಲಿನಲ್ಲಿ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಸಣ್ಣಜ್ಜನ ಉತ್ತರ ಒಂದೇ: “ಬೋರ್ಡ್ ಕಾಂಬುದಲ್ಲ ಮಗಾ, ಒಳಗಿಪ್ಪ್ ಭಟ್ರ್ ಯಾರ್ ಅಂದೇಳಿ ಕೇಂಬುದ್.”

ಇದು ಬರೀ ಹಳೇ ಕಾಲದವರ ಹಟವಲ್ಲ, ತಾಂತ್ರಿಕವಾಗಿ ಸರಿಯಾದ ಮಾತು. ಹಿಟ್ಟು ಹುಳಿಯುವುದು ಹವೆಯ ಮೇಲೆ ನಿಂತಿದೆ. ಮಾಟುಂಗಾದ ಮಳೆಗಾಲದ ರಾತ್ರಿಯಲ್ಲಿ ಉಬ್ಬುವ ಹಿಟ್ಟು ನಾಸಿಕ್‌ನ ಡಿಸೆಂಬರಿನ ಚಳಿಯಲ್ಲಿ ಬೆಳಗಾದರೂ ಕಲ್ಲಿನಂತೆ ಕೂತಿರುತ್ತದೆ. ನಮ್ಮ ಮನೆಯಲ್ಲಿ ಚಳಿಗಾಲದಲ್ಲಿ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸುತ್ತೇವೆ. ವಿದ್ಯುತ್ತಿನ ರುಬ್ಬುವ ಯಂತ್ರ ಕೊಯಮತ್ತೂರಿನಲ್ಲಿ ತಯಾರಾದದ್ದು 1950ರ ದಶಕದಲ್ಲಿ. ಅಲ್ಲಿಯವರೆಗೆ ಒಂದು ಹೋಟೆಲಿನ ದೋಸೆ ಎಂದರೆ ಆ ದಿನ ಗುಂಡು ತಿರುಗಿಸಿದವನ ರಟ್ಟೆ. ನೀರು ಬೇರೆ, ಹಾಲು ಬೇರೆ, ಡಿಕಾಕ್ಷನ್ ಇಳಿಸುವ ಕೈ ಬೇರೆ. ಹೆಸರನ್ನು ಇನ್ನೊಂದು ರಸ್ತೆಗೆ ಒಯ್ಯಬಹುದಿತ್ತು, ರುಚಿಯನ್ನು ಒಯ್ಯಬೇಕಾದರೆ ಮನುಷ್ಯನನ್ನೇ ಒಯ್ಯಬೇಕಿತ್ತು.

ಹಾಗಾಗಿ ಹೆಸರು ಮತ್ತು ಒಡೆತನ ಬೇಗ ಬೇರೆಬೇರೆಯಾದವು. ನಮ್ಮ ಕೆಲಸದಲ್ಲಿ ಇದಕ್ಕೆ ‘ಫೋರ್ಕ್’ ಎನ್ನುತ್ತೇವೆ. ಒಂದೇ ಕೋಡನ್ನು ನಕಲು ಮಾಡಿಕೊಂಡು ಇಬ್ಬರು ಬೇರೆಬೇರೆ ಬೆಳೆಸುವುದು. (ಊಟದ ಫೋರ್ಕಿಗೂ ಇದಕ್ಕೂ ಸಂಬಂಧವಿಲ್ಲ, ನಮ್ಮ ಹೋಟೆಲುಗಳಲ್ಲಿ ಅದರ ಬಳಕೆಯೂ ಕಡಿಮೆ.) ಅಣ್ಣತಮ್ಮಂದಿರು ಪಾಲಾದಾಗ, ಹಳೆಯ ಕೆಲಸಗಾರ ಸ್ವಂತಕ್ಕೆ ನಿಂತಾಗ, ಹೆಸರೂ ಜೊತೆಗೆ ಹೋಗುತ್ತಿತ್ತು. ಉಡುಪಿ ಎಂಬ ಹೆಸರಿಗಂತೂ ಯಾರೂ ಒಡೆಯರಿಲ್ಲ. ಊರಿನ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಂಡು ನನ್ನೊಬ್ಬನದೇ ಎನ್ನುವುದು ಕಾನೂನಿನಲ್ಲಿ ಸುಲಭವಲ್ಲ. ಬೆಂಗಳೂರಿನಲ್ಲಿ 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ಮಾಡಿದ ಮೇಲೆ ‘ದರ್ಶಿನಿ’ ಎಂಬುದೇ ನಿಂತು ತಿನ್ನುವ ಹೋಟೆಲಿಗೆ ಸಾಮಾನ್ಯನಾಮವಾಗಿ ಹೋಯಿತಲ್ಲ, ಹಾಗೆ. ಎಂಟಿಆರ್‌ನದು ಇನ್ನೂ ಸ್ವಾರಸ್ಯ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ ಅವರು ಪ್ಯಾಕೆಟ್ ಪುಡಿಗಳ ವ್ಯಾಪಾರಕ್ಕೆ ಇಳಿದರು. 2007ರಲ್ಲಿ ಆ ಪ್ಯಾಕೆಟ್ ಕಂಪೆನಿಯನ್ನು ನಾರ್ವೆಯ ಓರ್ಕ್ಲಾ ಕೊಂಡಿತು. ಹೋಟೆಲು ಮಾತ್ರ ಮಯ್ಯರ ಕುಟುಂಬದಲ್ಲೇ ಉಳಿಯಿತು. ನೀವು ದಿಂಡೋರಿಯ ಕಿರಾಣಿ ಅಂಗಡಿಯಲ್ಲಿ ಕೊಳ್ಳುವ ಎಂಟಿಆರ್ ಪುಡಿಗೂ ಲಾಲ್‌ಬಾಗ್ ರಸ್ತೆಯಲ್ಲಿ ಸರತಿ ನಿಂತು ತಿನ್ನುವ ರವೆ ಇಡ್ಲಿಗೂ ಇಂದು ಯಜಮಾನರು ಬೇರೆ.

ಇದಕ್ಕೆ ಎದುರಾಗಿ ನಿಂತದ್ದು ಮದರಾಸಿನಲ್ಲಿ 1981ರಲ್ಲಿ ಕೆ.ಕೆ. ನಗರದಿಂದ ಶುರುವಾದ ಶರವಣ ಭವನ. ಯಾವ ಬ್ರಾಂಚಿಗೆ ಹೋದರೂ ಅದೇ ಸಾಂಬಾರು, ಅದೇ ಬಟ್ಟಲು, ಅದೇ ಸಮವಸ್ತ್ರ. ‘ಯಾವ ಶರವಣ ಭವನ?’ ಎಂದು ಯಾರೂ ಕೇಳುವುದಿಲ್ಲ, ಹತ್ತಿರದ್ದಕ್ಕೆ ಹೋಗುತ್ತಾರೆ. ವಿಲ್ಸನ್ ಮೆಂಫಿಸ್‌ನಲ್ಲಿ ಕಂಡದ್ದು ಇಡ್ಲಿಗೆ ಬಂದದ್ದು ಹೀಗೆ. ಉಡುಪಿಯವರಿಗೆ ಇದು ಯಾಕೆ ಮೊದಲೇ ಹೊಳೆಯಲಿಲ್ಲ ಎಂದು ಕೇಳುವವರಿದ್ದಾರೆ. ಹೊಳೆಯಲಿಲ್ಲ ಎನ್ನುವುದಕ್ಕಿಂತ ಅವರ ವ್ಯವಸ್ಥೆಯ ಗುರಿಯೇ ಬೇರೆಯಾಗಿತ್ತು ಎನ್ನಬೇಕು. ಗಲ್ಲಾದಲ್ಲಿ ಕೂತವನನ್ನು ಮುಂದೊಂದು ದಿನ ಯಜಮಾನನನ್ನಾಗಿ ಮಾಡಬೇಕೆಂದರೆ ಅವನಿಗೆ ತನ್ನದೇ 'ಕೈ' ಇರಬೇಕು. ಎಲ್ಲ ಬ್ರಾಂಚೂ ಒಂದೇ ತರಹ ಇರಬೇಕೆಂದರೆ ಅವನು ಕೊನೆಯವರೆಗೂ ಮ್ಯಾನೇಜರನಾಗಿಯೇ ಇರಬೇಕು. ಮ್ಯಾನೇಜರನಾಗಿಯೇ ಇರುವ ನನ್ನಂಥವನಿಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ.

ಮುಂಬಯಿಯ ಹೋಟೆಲಿನವರಿಗೆ ಇನ್ನೊಂದು ಪರೀಕ್ಷೆ ಬಂದದ್ದು 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ. ಲುಂಗಿಯವರು ಹೋಗಿ ಎಂಬ ಚಳವಳಿಯ ಮೊದಲ ಕಲ್ಲುಗಳು ಬಿದ್ದದ್ದು ಕಣ್ಣಿಗೆ ಕಾಣುವ ಬೋರ್ಡುಗಳ ಮೇಲೆ, ಅಂದರೆ ಉಡುಪಿ ಹೋಟೆಲುಗಳ ಗಾಜಿನ ಮೇಲೆ. ಬ್ಯಾಂಕಿನ ಗುಮಾಸ್ತ ಮನೆಯೊಳಗೆ ಸೇರಿಕೊಳ್ಳಬಹುದು, ಹೋಟೆಲಿನವನು ಬೆಳಗಿನ ಐದಕ್ಕೇ ಶಟರ್ ಎತ್ತಲೇಬೇಕು. ಅವರು ಮರಾಠಿ ಕಲಿತರು, ಮೆನುವಿಗೆ ಮಿಸಳ್, ಸಾಬೂದಾಣಾ ಖಿಚಡಿ ಸೇರಿಸಿದರು, ಪಾವ್ ಭಾಜಿ ಮಾಡಿದರು, ಊರು ಬಿಡಲಿಲ್ಲ. ಬದಲಿಗೆ ಇನ್ನಷ್ಟು ಜನ ಬಂದರು. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆಯಿಂದ ಗೇಣಿ ಭೂಮಿ ಕಳೆದುಕೊಂಡ ಬಂಟರ ಮನೆಗಳ ಹುಡುಗರು ದೊಡ್ಡ ಸಂಖ್ಯೆಯಲ್ಲಿ ಮುಂಬಯಿಯ ಹೋಟೆಲುಗಳಿಗೆ ಇಳಿದದ್ದು ಆ ದಶಕದಿಂದ ಈಚೆಗೆ. ಊರಿನಲ್ಲಿ ಒಕ್ಕಲಿಗೆ ಭೂಮಿ ಕೊಟ್ಟ ಕಾಯ್ದೆ ಮುಂಬಯಿಗೆ ಹೋಟೆಲುಗಳನ್ನು ಕೊಟ್ಟಿತು. ಮಹಾರಾಷ್ಟ್ರದಲ್ಲಿ ಈಗ ಹೋಟೆಲಿನ ಗಲ್ಲಾದಲ್ಲಿ ಕೂತವನನ್ನು ಯಾರಾದರೇನು, ‘ಶೆಟ್ಟಿ ಅಣ್ಣಾ’ ಎಂದೇ ಕರೆಯುತ್ತಾರೆ. ನಾಸಿಕ್‌ನಲ್ಲೂ ಅಷ್ಟೇ. ದಿಂಡೋರಿ ರಸ್ತೆಯಲ್ಲಿ ‘ಉಡುಪಿ’ ಎಂದು ಬರೆದುಕೊಂಡ ಗಾಡಿಯೊಂದರಲ್ಲಿ ದೋಸೆ ಹುಯ್ಯುವವನನ್ನು ನಾನು ಆಸೆಯಿಂದ ಕನ್ನಡದಲ್ಲಿ ಮಾತಾಡಿಸಿದೆ. ಅವನು ಬಿಹಾರದವನು. ದೋಸೆ ಚೆನ್ನಾಗಿತ್ತು. ಸಣ್ಣಜ್ಜ ಇದ್ದಿದ್ದರೆ ಭಟ್ರು ಯಾರೆಂದು ಕೇಳಿ, ಉತ್ತರ ಕೇಳಿಸಿಕೊಂಡು, ಇನ್ನೊಂದು ದೋಸೆ ಹೇಳುತ್ತಿದ್ದರು.

ಮದರಾಸಿನ ಮೂರರಲ್ಲಿ ಈಗ ಉಳಿದಿರುವ ಪ್ರಶ್ನೆ ಹಳೆಯದೋ ಹೊಸದೋ ಎಂಬುದಷ್ಟೇ. ಡ್ರೈವ್-ಇನ್ ನಿಂತಿದ್ದ ನೆಲದ ಮೇಲೆ ಸರ್ಕಾರಕ್ಕೂ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯವರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆದಿತ್ತು. ಗೇಣಿಯ ಜಾಗದಲ್ಲಿ ಕಟ್ಟಿದ ಹೋಟೆಲಿಗೆ ಇದು ಹೊಸ ಸಂಗತಿಯಲ್ಲ, ಆದರೆ ನಲವತ್ತಾರು ವರ್ಷ ಅಲ್ಲಿ ಕಾಫಿ ಕುಡಿದವರಿಗೆ ಕಾಗದಪತ್ರ ಯಾರ ಹೆಸರಿನಲ್ಲಿದೆ ಎಂಬುದು ಯಾಕೆ ಬೇಕಿತ್ತು? 2008ರಲ್ಲಿ ಅದು ಮುಚ್ಚಿತು. ಕೊನೆಯ ದಿನಗಳಲ್ಲಿ ಹಳೆಯ ಗಿರಾಕಿಗಳು ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ಕೂತು ಹೋದರು. ಅದೇ ಜಾಗದಲ್ಲಿ ತಮಿಳುನಾಡು ಸರ್ಕಾರ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ಮಾಡಿ 2010ರ ನವೆಂಬರಿನಲ್ಲಿ ತೆರೆಯಿತು. ಹಳೆಯ ಮರಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದಾರೆ. ಒಳಗೆ ಹೋಗಲು ಟಿಕೆಟ್ ಇದೆ, ಕಾರನ್ನು ಹೊರಗೆ ನಿಲ್ಲಿಸಿ ಹೋಗಬೇಕು.